ಹೆಸರಿಲ್ಲದ ಸೊಪ್ಪು

"ಅಜ್ಜಾರ, ನೀವು ನನಗ ಕೊಟ್ಟ ಮಂತ್ರಕ್ಕ ಹೆಸರೇನ್ರಿ?" ಎಂದು ಅಡಿವೆಯ್ಯ ಕೇಳಿದ.

ಗುರುಗಳಾದ ರೇವಣಜ್ಜನವರು ಮಠದ ಜಗಲಿಯಲ್ಲಿ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಇನ್ನೊಂದು ತುದಿಯನ್ನು ಶಿಷ್ಯ ಹಿಡಿದಿದ್ದ. ಅವರು ತಲೆ ಎತ್ತಲಿಲ್ಲ. "ಯಾಕ, ತಮ್ಮಾ?" ಎಂದರು.

ಅಡಿವೆಯ್ಯ ಮೊದಲು ತಡವರಿಸಿದ, ಆಮೇಲೆ ಎಲ್ಲವನ್ನೂ ಹೇಳಿಬಿಟ್ಟ. ಭಿಕ್ಷೆಗೆ ಹೋದ ಊರಿನಲ್ಲಿ ಅವನಿಗೆ ದೊಡ್ಡ ಮಠವೊಂದರ ಸಾಧಕರು ಸಿಕ್ಕಿದ್ದರು. ಅವರು ತಮ್ಮ ಮಂತ್ರದ ಹೆಸರು ಹೇಳಿದರು. ಅದು ಯಾವ ಯುಗದಲ್ಲಿ, ಯಾವ ಬೆಟ್ಟದ ತುದಿಯಲ್ಲಿ, ಯಾವ ಸಿದ್ಧನ ಕಿವಿಗೆ ಬಿತ್ತೆಂದೂ ಹೇಳಿದರು. "ನಿಮ್ಮದು ಯಾವುದು?" ಎಂದಾಗ ಅಡಿವೆಯ್ಯನ ಬಳಿ ಉತ್ತರವಿರಲಿಲ್ಲ. ಅವರು ನಕ್ಕರು. ನಕ್ಕದ್ದನ್ನು ಅವನು ಸಹಿಸಿಕೊಂಡ, ಆಮೇಲೆ ಕನಿಕರದಿಂದ ನೋಡಿದ್ದನ್ನು ಸಹಿಸಲಾಗಲಿಲ್ಲ. ನಮ್ಮ ಮಠಕ್ಕೆ ಬಾ, ನಿನಗೂ ಹೆಸರುಳ್ಳ ಮಂತ್ರ ಕೊಡಿಸುತ್ತೇವೆ ಎಂದರು. ಅವನು ಹೂಂ ಎಂದು ಬಂದಿದ್ದ. ಬಟ್ಟೆ ಗಂಟು ಕಟ್ಟಿಟ್ಟೂ ಆಗಿತ್ತು.

ಗುರುವನ್ನು ಬಿಟ್ಟು ಹೋಗುವುದು ಅವನಿಗೆ ಹೂವೆತ್ತಿದಷ್ಟು ಸುಲಭವೇನೂ ಆಗಿರಲಿಲ್ಲ. ಹೆತ್ತವರಿಲ್ಲದ ಅವನಿಗೆ ಅನ್ನ ಹಾಕಿ ಅಕ್ಷರ ಕಲಿಸಿದವರು ಇವರೇ. ಆದರೆ ಇಷ್ಟು ವರ್ಷ ತಾನು ಜಪಿಸಿದ್ದು ಹೆಸರೂ ಇಲ್ಲದ, ಮೂಲವೂ ಗೊತ್ತಿಲ್ಲದ ಏನೋ ಒಂದು ಎಂದಾದರೆ ಬದುಕೇ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂಬ ಭಯ ಅವನನ್ನು ಕೊರೆಯುತ್ತಿತ್ತು.

"ಹೆಸರು ಹೇಳಿದ್ರ ಇಲ್ಲೇ ಇರ್ತೀನ್ರಿ. ಇಲ್ಲಾಂದ್ರ ನಾಳೆ ಹೊಂಡ್ತೀನಿ," ಎಂದ.

"ಹೋಗುವಂತಿ. ಹಗ್ಗ ಸ್ವಲ್ಪ ಬಿಗಿ ಹಿಡಿ, ಅಷ್ಟರಾಗ ಒಂದು ಕತಿ ಹೇಳ್ತೀನಿ," ಎಂದರು ಅಜ್ಜನವರು. ಅವರು ಹೇಳಿದ ಕತೆ ಹೀಗಿದೆ.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ರೈತನಿದ್ದ. ಹೊಲದಲ್ಲಿ ಎಲ್ಲರಂತೆ ಜೋಳ ಬೆಳೆಯುತ್ತಿದ್ದ, ಮನೆಯ ಹಿಂದೆ ಬೇಲಿಯೊಳಗೆ ಒಂದಿಷ್ಟು ಭಂಗಿ ಬೆಳೆಯುತ್ತಿದ್ದ. ಭಂಗಿಯೆಂದರೆ ಈಗ ಗಾಂಜಾ ಎಂದೊಡನೆ ಜನ ಅತ್ತಿತ್ತ ನೋಡುತ್ತಾರಲ್ಲ, ಅದೇ ಗಿಡ. ಆ ಕಾಲದಲ್ಲಿ ಅದಕ್ಕೆ ಕಾಯಿದೆಯ ಕಾವಲಿರಲಿಲ್ಲ. ಬೈರಾಗಿಗಳು ಚಿಲುಮೆಗೆ ತುಂಬುತ್ತಿದ್ದರು, ವೈದ್ಯರು ಮದ್ದಿಗೆ ಅರೆಯುತ್ತಿದ್ದರು. ರೈತ ಬೆಳೆಯುತ್ತಿದ್ದುದು ಹೆಂಡತಿಯ ನೋವಿಗಾಗಿ.

ಅವಳಿಗೆ ಸೊಂಟದಿಂದ ಪಾದದವರೆಗೆ ನರ ಸೆಳೆಯುತ್ತಿತ್ತು. ಸೆಳೆತ ಬಂತೆಂದರೆ ಕೂರಲೂ ಆಗದು, ಮಲಗಲೂ ಆಗದು, ಗೋಡೆ ಹಿಡಿದು ನಿಂತೇ ಬೆಳಗು ಮಾಡಬೇಕು. ಆ ಸೊಪ್ಪನ್ನು ಒಂದು ಚಿಟಿಕೆ ಅರೆದು ಹಾಲಿನಲ್ಲಿ ಕುಡಿದರೆ ನೋವು ಇಳಿಯುತ್ತಿತ್ತು, ಅವಳಿಗೆ ನಿದ್ದೆ ಬರುತ್ತಿತ್ತು. ಬೇರೆ ಊರುಗಳ ಭಂಗಿಯನ್ನೂ ತರಿಸಿ ನೋಡಿದ್ದಳು. ಒಂದು ತಲೆ ತಿರುಗಿಸಿತು, ಒಂದು ಹೊಟ್ಟೆ ತೊಳಸಿತು, ಒಂದು ಏನೂ ಮಾಡಲಿಲ್ಲ. ನಿದ್ದೆ ಕೊಟ್ಟದ್ದು ಬೇಲಿಯೊಳಗಿನ ಸೊಪ್ಪು ಮಾತ್ರ.

ಅದು ತಾನಾಗಿ ಹಾಗೆ ಬೆಳೆದದ್ದಲ್ಲ. ಅವಳು ವರ್ಷ ವರ್ಷ ಕೂತು ಆರಿಸಿ ಹಾಗೆ ಮಾಡಿಕೊಂಡದ್ದು. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಹೂವಿನ ಹಳದಿ ಪುಡಿ ಗಾಳಿಯಲ್ಲಿ ಹಾರಿ ಹೆಣ್ಣಿಗೆ ತಾಕಿದರೆ, ಹೆಣ್ಣು ಗಿಡ ಮೈಯೆಲ್ಲ ಬೀಜ ಕಟ್ಟಿ ಕಸುವು ಕಳೆದುಕೊಳ್ಳುತ್ತದೆ. ಅದಕ್ಕೇ ಅವಳು ಗಂಡು ಗಿಡಗಳನ್ನು ಹೂ ಬಿಚ್ಚುವ ಮೊದಲೇ ಕೀಳುತ್ತಿದ್ದಳು. ಬೀಜಕ್ಕೆಂದು ಒಂದು ಗಂಡು ಟೊಂಗೆಯನ್ನು ಮಾತ್ರ ಮನೆಯೊಳಗೆ ತಂಬಿಗೆಯ ನೀರಿನಲ್ಲಿ ಇಡುತ್ತಿದ್ದಳು. ಅದು ಉದುರಿಸಿದ ಪುಡಿಯನ್ನು ಬೆರಳಿನಿಂದ ಎತ್ತಿ ಪ್ರತಿ ಹೆಣ್ಣು ಗಿಡದ ಒಂದು ಟೊಂಗೆಗಷ್ಟೇ ಸವರುತ್ತಿದ್ದಳು. ಸೊಪ್ಪು ಒಣಗಿದ ಮೇಲೆ ಒಂದೊಂದು ಗಿಡದ್ದನ್ನೂ ಬೇರೆ ಬೇರೆಯಾಗಿ ಕುಡಿದು ನೋಡುತ್ತಿದ್ದಳು. ನಿದ್ದೆ ಕೊಟ್ಟ ಗಿಡದ ಬೀಜ ಗಡಿಗೆಗೆ ಹೋಗುತ್ತಿತ್ತು. ತಲೆ ತಿರುಗಿಸಿದ್ದರ ಬೀಜ ಬೇಲಿಯಾಚೆಯ ತಿಪ್ಪೆಗೆ ಹೋಗುತ್ತಿತ್ತು.

ರೈತ ಇದನ್ನೆಲ್ಲ ನೋಡಿಯೂ ನೋಡಿರಲಿಲ್ಲ. ಹೆಂಗಸರಿಗೆ ಏನಾದರೊಂದು ಕೆಲಸ ಬೇಕಲ್ಲ ಎಂದುಕೊಂಡು ನೀರು ಹಾಯಿಸಿ ಹೋಗುತ್ತಿದ್ದ. ಆ ಸೊಪ್ಪಿಗೊಂದು ಹೆಸರು ಬೇಕೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಮನೆಯಲ್ಲಿ ಸೊಪ್ಪು ಎಂದರೆ ಅದೇ.

ಒಮ್ಮೆ ಪರವೂರಿನ ಪಂಡಿತನೊಬ್ಬ ಸೊಪ್ಪಿನ ಸುದ್ದಿ ಕೇಳಿ ಬಂದ. ರೈತ ಸಂಭ್ರಮದಿಂದ ಒಂದು ಹಿಡಿ ತಂದು ಕೊಟ್ಟ. ಪಂಡಿತ ಅದನ್ನು ಮೂಗಿನ ಹತ್ತಿರ ತಂದವನು, "ಇದು ಯಾವ ತಳಿ?" ಎಂದ. "ಮನೀದ್ರಿ," ಎಂದ ರೈತ. ಪಂಡಿತ ಮೂಸದೆಯೇ ಸೊಪ್ಪನ್ನು ಕೆಳಗಿಟ್ಟು, ಮಳೆ ಬೆಳೆಯ ಮಾತೆತ್ತಿದ. ಆ ಅವಮಾನ ರೈತನ ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಇಷ್ಟು ವರ್ಷ ಬೆಳೆದೂ ಹೇಳಿಕೊಳ್ಳಲು ಒಂದು ಹೆಸರಿಲ್ಲವಲ್ಲ!

ಇಲ್ಲಿಗೆ ಬಂದಾಗ ಅಡಿವೆಯ್ಯ ಕತ್ತು ತಗ್ಗಿಸಿದ. ಅಜ್ಜನವರು ಅದನ್ನು ಗಮನಿಸದವರ ಹಾಗೆ ಕತೆ ಮುಂದುವರಿಸಿದರು.

ಮರುವರ್ಷ ಬಿತ್ತನೆಗೆ ಮೊದಲು ಒಬ್ಬ ಬೀಜದ ವರ್ತಕ ಬಂದ. ಅವನ ಚೀಲದಿಂದ ಬಣ್ಣ ಬಣ್ಣದ ಬಟ್ಟೆಯ ಗಂಟುಗಳು ಹೊರಬಂದವು. ನೀಲಿ ಗಂಟು ಗಂಧರ್ವ, ಹಳದಿ ಗಂಟು ಸಿದ್ಧರ ಕಣ್ಣು, ಕೆಂಪು ಗಂಟು ಶಿವಜಟೆ. ಕೆಂಪು ಗಂಟನ್ನು ಅವನು ನೆಲಕ್ಕೆ ತಾಕಿಸಲಿಲ್ಲ, ಮಡಿಲಲ್ಲೇ ಇಟ್ಟುಕೊಂಡ.

"ಹಿಮದ ಬೆಟ್ಟದಾಗ ತಪಸ್ಸು ಮಾಡಿದ ಸಿದ್ಧನ ಜಟೆಯೊಳಗ ಸಿಕ್ಕೊಂಡು ಬಂದದ್ದು ಇದು, ಯಜಮಾನ್ರ. ಎಲ್ಲಾರಿಗೂ ಕೊಡೂದಿಲ್ಲ. ನಿಮ್ಮ ಮುಖ ನೋಡಿ ತೆಗದೇನಿ," ಎಂದ.

ರೈತ ಕರಗಿಹೋದ. ವರ್ತಕ ಬೀಜವನ್ನು ಅಂಗೈಯಲ್ಲಿ ಹರಡಿ ಪಾಠ ಮಾಡಿದ. ಚೂಪಾದ ಬೀಜ ಗಂಡು, ದುಂಡಗಿನದು ಹೆಣ್ಣು, ದುಂಡಗಿನದನ್ನೇ ಬಿತ್ತಬೇಕು. ಗಿಡ ಎದೆಯೆತ್ತರ ಬಂದಾಗ ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆಯಬೇಕು. ಆಗ ಕಸುವು ಮೇಲೇರುತ್ತದೆ. ಬುಡಕ್ಕೆ ಸೋಮವಾರ ಹಾಲೆರೆಯಬೇಕು. ಶಿವನ ಜಟೆಯಾದ್ದರಿಂದ ಒಂದು ಗಿಡವನ್ನೂ ಕೀಳಬಾರದು. ಇಷ್ಟೆಲ್ಲ ಹೇಳಿ, ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸಿದ. ದುಂಡು ಬೀಜ ಬಿತ್ತಿಯೂ ಗಂಡು ಗಿಡ ಹುಟ್ಟಿದರೆ ಬಿತ್ತಿದವನ ಮನಸ್ಸಿನಲ್ಲಿ ಕಲ್ಮಷವಿದೆ ಎಂದರ್ಥ. ಎಂಥ ಜಾಣ ನೋಡಿ. ಬೀಜದ ತಪ್ಪಿಗೂ ಬಿತ್ತಿದವನೇ ತಲೆ ಕೊಡಬೇಕು. ರೈತ ಅವನಿಗೆ ಒಂದು ಚೀಲ ಜೋಳ ಹೊರಿಸಿ ಕಳಿಸಿದ.

ಬೇಲಿಯೊಳಗೆಲ್ಲ ಅವನು ಶಿವಜಟೆಯನ್ನೇ ಬಿತ್ತಿದ, ಹೆಂಡತಿಯ ಬೀಜಕ್ಕೆ ಉಳಿದದ್ದು ಮೂಲೆಯ ಒಂದು ಸಾಲು ಮಾತ್ರ. ಶಿವಜಟೆ ಇನ್ನೂ ಮೊಳಕೆಯಾಗಿದ್ದಾಗಲೇ ಅದರ ಹೆಸರು ಊರೆಲ್ಲ ಹಬ್ಬಿತು. ಹಬ್ಬಿಸಿದವನು ರೈತನೇ ಎಂದು ಬೇರೆ ಹೇಳಬೇಕಾಗಿಲ್ಲ. ಜನ ಕೇಳಿಕೊಂಡು ಬಂದರು. ಬಂದವರನ್ನು ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಗಡಿಗೆಯಲ್ಲಿ ಉಳಿದಿದ್ದ ಹಳೆಯ ಸೊಪ್ಪನ್ನೇ ಕೆಂಪು ಬಟ್ಟೆಯಲ್ಲಿ ಕಟ್ಟಿ, "ಶಿವಜಟೆ" ಎಂದು ಕೊಟ್ಟ. ಹಿಂದಿನ ವರ್ಷ ಅದೇ ಸೊಪ್ಪನ್ನು ಒಯ್ದವರೇ ಮರುದಿನ ಬಂದು, "ಅಬ್ಬಾ, ಇದರ ಖದರೇ ಬ್ಯಾರೆ ಬಿಡ್ರಿ!" ಎಂದರು. ರೈತ ಮೊದಲು ಒಳಗೊಳಗೇ ನಕ್ಕ. ಹತ್ತಾರು ಜನ ಹೀಗೆ ಹೊಗಳಿದ ಮೇಲೆ ನಗು ನಿಂತಿತು. ಇದರಲ್ಲಿ ನಿಜವಾಗಿಯೂ ಏನೋ ಇದ್ದಿರಬೇಕು ಎಂದು ಅವನಿಗೇ ಅನ್ನಿಸತೊಡಗಿತು.

"ಅದು ನಮ್ಮ ಸೊಪ್ಪೇ ಅಲ್ಲೇನ್ರಿ?" ಎಂದು ಹೆಂಡತಿ ಕೇಳಿದಳು.

"ನಿನಗೇನು ತಿಳೀತದ, ಸುಮ್ನಿರು," ಎಂದ.

ಮಳೆಗಾಲ ಕಳೆಯಿತು. ಶಿವಜಟೆ ಆಳೆತ್ತರ ಬೆಳೆದು ನಿಂತಿತು. ರೈತ ಮೊಳೆ ಹೊಡೆದ, ಸೋಮವಾರ ಸೋಮವಾರ ಹಾಲೆರೆದ. ಮನೆಯಲ್ಲಿ ಮಜ್ಜಿಗೆಗೆ ತತ್ವಾರವಾದರೂ ಗಿಡದ ಬುಡ ಮಾತ್ರ ತಂಪಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತಾನೆ, ಅರ್ಧಕ್ಕರ್ಧ ಗಿಡಗಳಲ್ಲಿ ಗೊಂಚಲು ಗೊಂಚಲಾಗಿ ಗಂಡು ಮೊಗ್ಗು! ಒಂದೊಂದೇ ಬೀಜವನ್ನು ಬೆರಳ ತುದಿಯಲ್ಲಿ ಉರುಳಿಸಿ, ದುಂಡಗಿನದನ್ನೇ ಆರಿಸಿ ಬಿತ್ತಿದ್ದ. ಇದು ಊರಿಗೆ ತಿಳಿದರೆ ತನ್ನ ಮನಸ್ಸಿನ ಕಲ್ಮಷ ಬೀದಿಗೆ ಬಿದ್ದಂತೆಯೇ. ಅವನು ಬೇಲಿಯ ಬಾಗಿಲಿಗೆ ಚಾಪೆ ಕಟ್ಟಿ ಮರೆ ಮಾಡಿದ.

ಹೆಂಡತಿ ಎಂದಿನಂತೆ ಸೀರೆ ಎತ್ತಿ ಕಟ್ಟಿ ಬಂದವಳು ನೋಡಿ ನಿಂತುಬಿಟ್ಟಳು. ಮೊದಲ ಗಿಡಕ್ಕೆ ಕೈ ಹಾಕಿದಳು. ಅವನು ಅವಳ ಮುಂಗೈ ಹಿಡಿದ.

"ಕೀಳಬ್ಯಾಡ. ಶಿವನ ಜಟಿ ಅದು."

"ಗಂಡು ಗಿಡ ಅದಾವ. ಇವತ್ತು ನಾಳೆ ಹೂ ಬಿಚ್ಚತಾವ. ನನ್ನ ಸಾಲು ಕೆಡ್ತದ್ರಿ."

"ಇವು ಹೆಣ್ಣೇ. ಶಿವಜಟಿ ಹೆಣ್ಣು ಹಿಂಗ ಇರ್ತದ," ಎಂದ ರೈತ.

ಅವಳು ಅವನ ಮುಖ ನೋಡಿದಳು. ಅವನಿಗೂ ಗೊತ್ತಿದೆ ಎಂದು ಅವಳಿಗೆ ತಿಳಿಯಿತು. ಗೊತ್ತಿದ್ದೂ ಹೇಳುವವನ ಜೊತೆ ಏನು ವಾದಿಸುವುದು? ಅವಳು ಒಳಗೆ ಹೋದಳು. ಎರಡು ದಿನ ಕಳೆದು ಗಾಳಿ ಬೀಸಿದಾಗ ಹಿತ್ತಲಿನ ಕಲ್ಲು, ಒಗೆದು ಹಾಕಿದ ಬಟ್ಟೆ, ಮೂಲೆಯ ಸಾಲು, ಎಲ್ಲದರ ಮೇಲೂ ಹಳದಿ ಪುಡಿ ಕೂತಿತ್ತು. ರೈತ ಅದನ್ನು ವಿಭೂತಿಯೆಂದು ಹಣೆಗೆ ಹಚ್ಚಿಕೊಳ್ಳದಿದ್ದುದೇ ಹೆಚ್ಚು.

ಆ ವರ್ಷದ ಸೊಪ್ಪಿನ ತುಂಬ ಬೀಜ. ಮೂಲೆಯ ಸಾಲಿನದೂ ಹಾಗೆಯೇ. ಚಳಿ ಶುರುವಾದಾಗ ಹೆಂಡತಿಯ ಸೆಳೆತ ಮರಳಿತು. ರೈತ ತಾನೇ ಶಿವಜಟೆ ಅರೆದು, ಹೆಸರು ಹೇಳಿ, ಹಾಲಿನಲ್ಲಿ ಕುಡಿಸಿದ. ಅವಳ ಕಣ್ಣು ತೇಲಿತು, ಎದೆ ಬಡಿದುಕೊಂಡಿತು, ಕುಡಿದದ್ದೆಲ್ಲ ಹೊರಗೆ ಬಂತು. ಕಾಲಿನ ನೋವು ಮಾತ್ರ ಒಂದು ಎಳೆಯೂ ಇಳಿಯಲಿಲ್ಲ. ಮೂಲೆಯ ಸಾಲಿನದನ್ನು ಕುಡಿಸಿದ, ಅದರಲ್ಲಿ ಸಾರವಿರಲಿಲ್ಲ. ಹಳೆಯ ಸೊಪ್ಪಿನ ಗಡಿಗೆಗೆ ಕೈ ಹಾಕಿದ. ಅದರ ತಳದಲ್ಲಿ ಉಳಿದಿದ್ದ ಹಿಡಿ ಸೊಪ್ಪಿನ ಮೇಲೆಯೇ ಅವನು ಹೊಸದನ್ನೂ ತುಂಬಿದ್ದ, ಎಲ್ಲವೂ ಶಿವಜಟೆ ತಾನೇ ಎಂದು. ಈಗ ಯಾವುದು ಯಾವುದೆಂದು ಆರಿಸಲು ಬರಲಿಲ್ಲ. ಹೆಂಡತಿ ಗೋಡೆ ಹಿಡಿದು ನಿಂತಳು. ಅವಳು ನರಳುವುದನ್ನು ಕೇಳುತ್ತ ಕೂತವನಿಗೆ ಮೊದಲ ಸಲ ಭಯವಾಯಿತು.

ಸೊಪ್ಪು ಒಯ್ದವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅವರು ಬಿಟ್ಟದ್ದು ಅವನಿಗೆ ದೊಡ್ಡದೆನಿಸಲಿಲ್ಲ. ತನಗೆ ಸಿಕ್ಕದ್ದು ಕಲಬೆರಕೆ ಇರಬೇಕು, ಶಿವಜಟೆಯ ಮೂಲ ಬೀಜ ಸಿಕ್ಕರೆ ಹೆಂಡತಿ ಉಳಿದಾಳು ಎಂದು ವರ್ತಕನನ್ನು ಹುಡುಕಿಕೊಂಡು ಸಂತೆಯಿಂದ ಸಂತೆಗೆ ಅಲೆದ.

ಕೊನೆಗೆ ಒಂದು ಸಂತೆಯಲ್ಲಿ ಬೇವಿನ ಮರದ ಕೆಳಗೆ ವರ್ತಕ ಸಿಕ್ಕಿದ. ಮುಂದೆ ಒಂದೇ ಗೋಣಿಚೀಲವಿತ್ತು. ಅದರಿಂದಲೇ ಹಿಡಿ ಹಿಡಿ ಬೀಜ ತೆಗೆದು ನೀಲಿ ಬಟ್ಟೆಗೊಂದು, ಹಳದಿಗೊಂದು, ಕೆಂಪಿಗೊಂದು ಕಟ್ಟುತ್ತಿದ್ದ. ರೈತನನ್ನು ಕಂಡು ಬಚ್ಚಿಡಲೂ ಇಲ್ಲ, ನಾಚಲೂ ಇಲ್ಲ. "ಬರ್ರಿ ಯಜಮಾನ್ರ, ಕುಂದರ್ರಿ," ಎಂದು ಜಾಗ ಮಾಡಿಕೊಟ್ಟ.

ರೈತ ಅವನ ಕೊರಳಪಟ್ಟಿ ಹಿಡಿಯಲೆಂದೇ ಬಂದಿದ್ದ. ಹಿಡಿಯಲಿಲ್ಲ. ಕೈಮುಗಿದು, "ಖರೇ ಹೇಳಪ್ಪಾ. ಈ ಬೀಜ ನಿನಗ ಎಲ್ಲಿ ಸಿಕ್ತು?" ಎಂದ.

ಅವನ ದನಿ ಕೇಳಿ ವರ್ತಕನ ಕೈ ನಿಂತಿತು. ಅವನೇನೂ ಕಟುಕನಲ್ಲ, ಹೊಟ್ಟೆಪಾಡಿನವನು. "ಹೊಳೀ ದಂಡೀ ಊರಾಗ," ಎಂದ. "ಒಂದು ಮನೀ ಹಿಂದ ತಿಪ್ಪಿ ಐತಿ. ಬೇಲಿಗೆ ಮುರಿದ ಗಾಡಿ ಗಾಲಿ ಕಟ್ಯಾರ. ಬ್ಯಾಸಿಗ್ಯಾಗ ಆ ತಿಪ್ಪಿ ಮ್ಯಾಲ ತಾನ ಹುಟ್ಟಿ ದಟ್ಟಾಗಿ ಬೆಳೆದಿತ್ತು. ಬೀಜ ಬಳ್ಕೊಂಡು ಬಂದೆ. ಹೆಸರು ನಾನ ಇಟ್ಟೆ. ಬಿಟ್ಟಿ ಬಿದ್ದದ್ದು ಅಂದ್ರ ಯಾರು ತಗೋತಾರ, ನೀವಾದ್ರೂ ತಗೋತಿದ್ರೇನು?"

ಬೇಲಿಗೆ ಆ ಗಾಲಿ ಕಟ್ಟಿದವನು ರೈತನೇ. ವರ್ತಕ ಆ ಸಲ ಹಿಂದಿನ ಓಣಿಯಿಂದ ಹಾದುಹೋಗಿದ್ದ, ಮುಂದಿನ ಬಾಗಿಲು ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಇಷ್ಟು ವರ್ಷ ಬೇಡವೆಂದು ಹೊರಗೆಸೆದದ್ದನ್ನೇ ರೈತ ಜೋಳ ಕೊಟ್ಟು, ಕೈಮುಗಿದು, ಒಳಗೆ ಕರೆದುಕೊಂಡಿದ್ದ. ಅದು ಒಳಗೆ ಬಂದು ಅವಳು ಕೂಡಿಟ್ಟದ್ದನ್ನೂ ಕೆಡಿಸಿತ್ತು.

ಅವನು ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಗಂಡು ಗಿಡವೆಂದು ತನಗೆ ಅಂದೇ ಗೊತ್ತಿತ್ತು ಎಂಬುದನ್ನೂ ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಅವಳಿಗೆ ಸಿಟ್ಟು ಬಂದಿತ್ತು, ಬರದೆ ಇರುತ್ತದೆಯೇ? ನಿದ್ದೆಯಿಲ್ಲದೆ ಕಣ್ಣು ಗುಳಿ ಬಿದ್ದವಳ ಮುಂದೆ ಅವನು ಅಳುತ್ತ ಕೂತರೆ ಅವಳಿಗೇನು ಬಂತು?

"ಅಳೂದು ಆಮ್ಯಾಲ ಅಳ್ರಿ. ಬೀಜದ ಗಡಿಗಿ ತಗೊಂಬರ್ರಿ," ಎಂದಳು.

ಮೂಲೆಯ ಸಾಲಿನ ಬೆರಕೆ ಬೀಜವನ್ನೇ ಬಿತ್ತಿದರು. ಅವಳ ಹಳೆಯ ಬೀಜವೆಲ್ಲ ಆ ಸಾಲಿಗೇ ಮುಗಿದಿತ್ತು, ಬೇರೆ ಬೀಜ ಇರಲಿಲ್ಲ. ಅವಳಿಗೆ ಈಗ ಸಾಲಿನ ನಡುವೆ ಬಗ್ಗಿ ನಡೆಯಲು ಆಗುತ್ತಿರಲಿಲ್ಲ. ಹಿತ್ತಲಿನಲ್ಲಿ ಹೊರಸು ಹಾಕಿಸಿ ಒರಗಿಕೊಂಡಳು. ರೈತ ಒಂದೊಂದು ಗಿಡದ ಕುಡಿಯನ್ನೂ ಅವಳ ಮೂಗಿನ ಹತ್ತಿರ ಒಯ್ದ. ಅವಳು ಮೂಸಿ, ತಿಕ್ಕಿ, "ಇದು ಬ್ಯಾಡ, ಅದು ಇರ್ಲಿ," ಎನ್ನುತ್ತಿದ್ದಳು. ಗೆಣ್ಣಿನ ಬಳಿ ಮೊಗ್ಗು ಹೇಗಿದ್ದರೆ ಗಂಡು, ಹೇಗಿದ್ದರೆ ಹೆಣ್ಣು ಎಂದು ಅವನು ಆ ವಯಸ್ಸಿನಲ್ಲಿ ಕೂತು ಕಲಿತ. ಗಂಡು ಗಿಡಗಳನ್ನು ತನ್ನ ಕೈಯಿಂದಲೇ ಕಿತ್ತ. ಬೇಡವಾದ ಬೀಜವನ್ನು ಈ ಸಲ ತಿಪ್ಪೆಗೆ ಹಾಕಲಿಲ್ಲ, ಒಲೆಗೆ ಹಾಕಿದ. ಸೊಪ್ಪು ಒಣಗಿದ ಮೇಲೆ ಪ್ರತಿ ಗಿಡದ್ದನ್ನೂ ಬೇರೆ ಬೇರೆ ಅರೆದು ಕುಡಿಸಿ, ಅವಳ ಪಕ್ಕದಲ್ಲಿ ಎಚ್ಚರ ಕೂತು, ಕಾಲು ಒತ್ತುತ್ತ ಕಾದ.

ಮೊದಲ ವರ್ಷ ಯಾವುದೂ ಹೊಂದಲಿಲ್ಲ. ಅವಳು ಸೋತುಹೋಗಿದ್ದಳು. "ಇನ್ನ ಸಾಕು ಬಿಡ್ರಿ," ಎಂದಳು. ಅವನು ಬಿಡಲಿಲ್ಲ. ಮರುವರ್ಷ ಮತ್ತೆ ಬಿತ್ತಿದ, ಮತ್ತೆ ಕಿತ್ತ, ಮತ್ತೆ ಅರೆದ. ಒಂದು ಸಂಜೆ, ಬೇಲಿಯ ಪಕ್ಕದ ಗಿಡ್ಡ ಗಿಡವೊಂದರ ಸೊಪ್ಪನ್ನು ಹಾಲಿನಲ್ಲಿ ಕದಡಿ ಅವಳ ಕೈಗೆ ಕೊಟ್ಟ. ಅವಳು ಕುಡಿದು ಗೋಡೆಯ ಕಡೆ ಹೊರಳಿದಳು. ಅವನು ಕಾಲು ಒತ್ತುತ್ತ ಕೂತ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಪಕ್ಕದ ಕಟ್ಟಿನಿಂದ ಹೊಸ ನಾರು ಎಳೆದು ಹಗ್ಗಕ್ಕೆ ಸೇರಿಸತೊಡಗಿದರು. ಅಡಿವೆಯ್ಯ ಕಾದ. ಅವರು ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಆಕೀಗೆ ಆವತ್ತು ನಿದ್ದಿ ಬಂತೇನ್ರಿ, ಅಜ್ಜಾರ?"

ಅಜ್ಜನವರು ಕೆಲಸ ನಿಲ್ಲಿಸಿ, ಆ ದಿನ ಮೊದಲ ಸಲ ಅವನ ಮುಖ ನೋಡಿದರು.

"ನಿದ್ದಿ ಬಂತೇನು ಅಂತ ಕೇಳಿದೆಲ್ಲೋ ತಮ್ಮಾ, ಆ ಸೊಪ್ಪಿನ ಹೆಸರೇನು ಅಂತ ಯಾಕ ಕೇಳಲಿಲ್ಲ?"

ಅಡಿವೆಯ್ಯ ಸಡಿಲಾಗಿದ್ದ ಹಗ್ಗದ ತುದಿಯನ್ನು ಮತ್ತೆ ಬಿಗಿ ಹಿಡಿದ.